ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ನನ್ನ ಫೋಮ್ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ವಿಮಾನದ ರೆಕ್ಕೆಯಿಂದ ಸ್ಟ್ರಟ್ (ರೆಕ್ಕೆಯನ್ನು ಬಾಡಿಗೆ ಸೇರಿಸುವ ಓರೆ ಕಡ್ಡಿ) ಸ್ಕ್ರೂ ಕಿತ್ತು ಬರುತ್ತಿದೆ. ಕಾರ್ಬನ್ ಸ್ಟ್ರಟ್ ಹಾಕಿದರೆ ಸರಿಹೋಗುತ್ತಾ?

ಇಲ್ಲ. ಕಾರ್ಬನ್ ಸ್ಟ್ರಟ್ ಹಾಕಿದರೆ ಇನ್ನೂ ಬೇಗ ಕಿತ್ತು ಬರುತ್ತದೆ. ನಿಮ್ಮ ಹಾಗೇ ನನ್ನ ಹತ್ತಿರವೂ 1.4 ಮೀಟರ್ ರೆಕ್ಕೆಯ ಫೋಮ್ ಕಬ್ (ಪೈಪರ್ ಕಬ್ ವಿಮಾನದ ಮಾದರಿ) ಇತ್ತು. ಅದರ ಸ್ಕ್ರೂ ಕೂಡ ಹೀಗೇ ಸಡಿಲವಾಗುತ್ತಾ ಹೋಗಿ, ಕೊನೆಗೆ ಥ್ರೆಡ್ ತುಂಬಾ ಫೋಮಿನ ಪುಡಿ ಕಚ್ಚಿಕೊಂಡು ಹೊರಗೆ ಬಂತು. ಸ್ಟ್ರಟ್ ಮೆತ್ತಗಿದೆ, ಗಟ್ಟಿಯಾದದ್ದು ಹಾಕೋಣ ಅಂತ ನನಗೂ ಅನಿಸಿತ್ತು.

ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ವಿಂಡ್ ಫ್ಯಾನ್ ನಿಲ್ಲಿಸಿರುವುದೇ ಇಲ್ಲಿನ ಗಾಳಿಗಾಗಿ. ನೀವು ಚಳ್ಳಕೆರೆಯವರು ಅಂತ ಬರೆದಿದ್ದೀರಿ, ಹಾಗಾಗಿ ಆಷಾಢದ ಗಾಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಪ್ಲಾಸ್ಟಿಕ್ ಸ್ಟ್ರಟ್ ತೆಗೆದು ಅಲ್ಯೂಮಿನಿಯಂ ಕೊಳವೆ ಹಾಕಿದೆ. ರೆಕ್ಕೆಯ ಕೆಳಗಡೆ, ಸ್ಕ್ರೂ ಕಿತ್ತು ಬಂದ ಜಾಗದ ಮೇಲೆ, ಬೆಂಕಿಪೊಟ್ಟಣದಷ್ಟು ಅಗಲದ ಪ್ಲೈವುಡ್ ತುಂಡನ್ನು ಎಪಾಕ್ಸಿಯಿಂದ ಅಂಟಿಸಿ, ಅದಕ್ಕೆ ಬ್ರಾಕೆಟ್ ಬಿಗಿದೆ. ಕೈಯಲ್ಲಿ ಹಿಡಿದು ಜಗ್ಗಿದರೆ ಒಂದಿಷ್ಟೂ ಅಲ್ಲಾಡಲಿಲ್ಲ. ಬೆಳಗಿನ ಹೊತ್ತು ಗಾಳಿ ಇಲ್ಲದಾಗ ಚೆನ್ನಾಗೇ ಹಾರುತ್ತಿತ್ತು.

ಆಷಾಢದಲ್ಲಿ ಒಂದು ಸಂಜೆ ಹೊಳಲ್ಕೆರೆ ರಸ್ತೆ ಕಡೆಯ ಬಯಲಿನಲ್ಲಿ ಲೂಪ್ (ಮೇಲಕ್ಕೇರಿ ತಲೆಕೆಳಗಾಗಿ ಬರುವ ಪೂರ್ತಿ ಸುತ್ತು) ಹೊಡೆಸಿದೆ. ವಿಮಾನ ಮೇಲಿನಿಂದ ವೇಗವಾಗಿ ಇಳಿದು ಬರುವಾಗ ಎಲಿವೇಟರ್ (ಮೂತಿ ಮೇಲೆತ್ತುವ ಬಾಲದ ಪಟ್ಟಿ) ಎಳೆದೆ. ಎಡ ರೆಕ್ಕೆ ಮೇಲಕ್ಕೆ ಮಡಚಿಕೊಂಡಿತು. ಬಾಡಿ ಸುತ್ತುತ್ತಾ ಹೋಗಿ ಪಕ್ಕದ ಶೇಂಗಾ ಹೊಲಕ್ಕೆ ಬಿತ್ತು. ಮೋಟಾರ್ ಶಾಫ್ಟ್ ಬಾಗಿತ್ತು, ಎರಡು ಸರ್ವೋ ಹೋದವು. ಲೈಪೋ ಬ್ಯಾಟರಿ ಊದಿಕೊಳ್ಳುತ್ತಿದ್ದರಿಂದ ಅದನ್ನು ಬರಿ ಮಣ್ಣಿನ ಮೇಲಿಟ್ಟು ದೂರ ನಿಂತು ಕಾಯಬೇಕಾಯಿತು.

ಆ ಪ್ಲೈವುಡ್ ತುಂಡು ಮಾತ್ರ ಸ್ಟ್ರಟ್ ತುದಿಯಲ್ಲಿ ಹಾಗೇ ನೇತಾಡುತ್ತಿತ್ತು. ತಿರುಗಿಸಿ ನೋಡಿದೆ. ಎಪಾಕ್ಸಿ ಎಲ್ಲೂ ಬಿಟ್ಟಿರಲಿಲ್ಲ, ಅದರ ಮೇಲೆ ರೆಕ್ಕೆಯ ಫೋಮ್ ತೆಳ್ಳಗೆ ಸಿಪ್ಪೆ ಎದ್ದ ಹಾಗೆ ಪೂರ್ತಿ ಅಂಟಿಕೊಂಡಿತ್ತು. ಅಂಟು, ಸ್ಟ್ರಟ್, ಬ್ರಾಕೆಟ್, ಸ್ಕ್ರೂ ಎಲ್ಲವೂ ಗಟ್ಟಿಯಾಗಿದ್ದವು. ಹರಿದದ್ದು ಫೋಮಿನ ಮೇಲ್ಪದರ.

ಇದನ್ನು ಸ್ವಲ್ಪ ಜಾಸ್ತಿನೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹಾರುವಾಗ ರೆಕ್ಕೆ ಮೇಲಕ್ಕೆ ಹೋಗುತ್ತೆ, ಸ್ಟ್ರಟ್ ಅದನ್ನು ಕೆಳಕ್ಕೆ ಎಳೆದು ಹಿಡಿಯುತ್ತೆ. ಆದರೆ ಅದು ನೇರ ಕೆಳಕ್ಕೆ ಎಳೆಯುವುದಿಲ್ಲ, ಓರೆಯಾಗಿ ಬಾಡಿ ಕಡೆಗೆ ಎಳೆಯುತ್ತೆ. 1.5 ಕಿಲೋ ವಿಮಾನ 4 ಜಿ (ತನ್ನ ತೂಕದ ನಾಲ್ಕು ಪಟ್ಟು ಭಾರ) ತೆಗೆದುಕೊಂಡರೆ ಒಟ್ಟು 6 ಕಿಲೋ ಭಾರ, ಒಂದೊಂದು ರೆಕ್ಕೆಗೆ 3 ಕಿಲೋ. ಸ್ಟ್ರಟ್ ರೆಕ್ಕೆಯ ಅರ್ಧದಷ್ಟು ದೂರದಲ್ಲಿ ಸೇರಿದ್ದು, ಆ ಭಾರವೆಲ್ಲ ಅದರ ಮೇಲೇ ಬಿತ್ತು ಅಂದುಕೊಳ್ಳಿ. ಸ್ಟ್ರಟ್ ಮತ್ತು ರೆಕ್ಕೆಯ ನಡುವೆ 30 ಡಿಗ್ರಿ ಕೋನ ಇದ್ದರೆ ಸ್ಟ್ರಟ್ಟಿನಲ್ಲಿ ಎಳೆತ 3 ಅಲ್ಲ, ಸುಮಾರು 6 ಕಿಲೋ. ಕೋನ 20 ಡಿಗ್ರಿಗೆ ಇಳಿದರೆ 9 ಕಿಲೋ ಹತ್ತಿರ ಹೋಗುತ್ತೆ. ಸ್ಟ್ರಟ್ ಎಷ್ಟು ಮಲಗಿರುತ್ತೋ ಅಷ್ಟು ಜಾಸ್ತಿ ಎಳೆತ.

ಈ ಎಳೆತ ಬ್ರಾಕೆಟ್ಟಿನ ಕಿವಿ (ಸ್ಟ್ರಟ್ ಸಿಕ್ಕಿಸುವ ತೂತಿರುವ ಭಾಗ) ಮೇಲೆ ಬೀಳುತ್ತೆ. ಕಿವಿ ಇರುವುದು ಪ್ಲೈವುಡ್ಡಿಗಿಂತ ಸ್ವಲ್ಪ ಕೆಳಗೆ. ಹಾಗಾಗಿ ಪ್ಲೈವುಡ್ ಬಾಡಿ ಕಡೆಗೆ ಮಗುಚಲು ನೋಡುತ್ತೆ, ರೆಕ್ಕೆ ತುದಿ ಕಡೆಯ ಅಂಚು ಮೊದಲು ಏಳುತ್ತೆ. ಅಷ್ಟು ಅಗಲ ಅಂಟಿಸಿದ್ದೇವಲ್ಲ, ಭಾರ ಹರಡಿಕೊಳ್ಳುತ್ತೆ ಅಂತ ನಾನು ನಂಬಿದ್ದೆ. ಹರಡಲಿಲ್ಲ. ಆ ಒಂದು ಅಂಚಿನ ಗೆರೆ ಮೇಲೇ ಎಲ್ಲ ಬಿತ್ತು. ಒಮ್ಮೆ ಅಂಚು ಎದ್ದ ಮೇಲೆ ಉಳಿದದ್ದು ತಾನಾಗೇ ಸುಲಿದುಕೊಂಡು ಬಂತು. ಕೈಯಲ್ಲಿ ನೇರ ಜಗ್ಗಿ ನೋಡಿದಾಗ ಇದು ಗೊತ್ತಾಗುವುದೇ ಇಲ್ಲ.

ಇನ್ನೊಂದು ವಿಷಯವಿದೆ, ನಿಮ್ಮ ಕಾರ್ಬನ್ ಯೋಚನೆಗೆ ಅದೇ ಉತ್ತರ. ರೆಕ್ಕೆಯೊಳಗಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹಾಯುವ ಗಟ್ಟಿ ಕಡ್ಡಿ) ಮತ್ತು ಸ್ಟ್ರಟ್ ಭಾರ ಹಂಚಿಕೊಳ್ಳುತ್ತವೆ. ಯಾವುದು ಕಡಿಮೆ ಬಗ್ಗುತ್ತೋ ಅದರ ಪಾಲಿಗೆ ಜಾಸ್ತಿ ಭಾರ. ಮೆತ್ತನೆ ಪ್ಲಾಸ್ಟಿಕ್ ಇದ್ದಾಗ ಸ್ಪಾರ್ ಕೂಡ ದುಡಿಯುತ್ತಿತ್ತು. ನಾನು ಗಟ್ಟಿ ಕೊಳವೆ ಹಾಕಿ ಆ ಭಾರವನ್ನೂ ಅದೇ ಫೋಮಿನ ಪದರದ ಮೇಲೆ ಹೊರಿಸಿದೆ. ನೀವು ಕಾರ್ಬನ್ ಹಾಕಿದರೆ ಆಗುವುದೂ ಅದೇ.

ಹಾಗಾದರೆ ಏನು ಮಾಡಬೇಕು? ದರ್ಜಿ ಕೋಟಿಗೆ ಗುಂಡಿ ಹೊಲಿಯುವಾಗ ಬಟ್ಟೆಯ ಒಳಗಡೆ ಇನ್ನೊಂದು ಪುಟ್ಟ ಗುಂಡಿ ಇಟ್ಟು ಸೇರಿಸಿ ಹೊಲಿಯುತ್ತಾನೆ. ಇಲ್ಲೂ ಹಾಗೇ. ಎಳೆತವನ್ನು ಅಂಟು ತಡೆಯಬಾರದು, ಸ್ಪಾರ್ ತಡೆಯಬೇಕು. ರೆಕ್ಕೆಯ ಮೇಲ್ಗಡೆಯಿಂದ ಫೋಮ್ ಕೊಯ್ದು ಸ್ಪಾರ್ ಕಾಣಿಸುವವರೆಗೆ ತೆಗೆಯಿರಿ. ಸ್ಪಾರ್ ಮೇಲೆ ಅಡ್ಡಲಾಗಿ, ಎರಡೂ ಪಕ್ಕಕ್ಕೆ ಚಾಚಿಕೊಳ್ಳುವಂತೆ 3 ಮಿ.ಮೀ. ಬರ್ಚ್ ಪ್ಲೈವುಡ್ ಕೂರಿಸಿ. ಪ್ಯಾಕಿಂಗ್ ಡಬ್ಬದ ಪ್ಲೈ ಬೇಡವೇ ಬೇಡ, ಪದರ ಬಿಡುತ್ತೆ. ಸ್ಪಾರನ್ನೂ ಪ್ಲೈವುಡ್ಡನ್ನೂ ಸೇರಿಸಿ ಗಟ್ಟಿ ದಾರ ಸುತ್ತಿ, ಮೇಲೆ ನಿಧಾನವಾಗಿ ಒಣಗುವ ಎಪಾಕ್ಸಿ ಸವರಿ. ಐದು ನಿಮಿಷದ್ದು ಇಲ್ಲಿ ಬೇಡ, ಒಂದು ರಾತ್ರಿ ಬಿಟ್ಟರೆ ಏನೂ ನಷ್ಟವಿಲ್ಲ. ಥರ್ಮೋಕೋಲ್ ಜಾತಿಯ ಫೋಮ್ ಆದರೆ ಸಾಮಾನ್ಯ ಕ್ವಿಕ್ ಗಮ್ ಮುಟ್ಟಿಸಲೇಬೇಡಿ, ಕರಗಿ ಗುಂಡಿ ಬೀಳುತ್ತೆ.

ಆಮೇಲೆ ಎಂ3 (3 ಮಿ.ಮೀ. ದಪ್ಪದ) ಬೋಲ್ಟನ್ನು ಸ್ಪಾರ್‌ನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸಿ. ಸ್ಪಾರ್‌ಗೆ ಮಾತ್ರ ತೂತು ಕೊರೆಯಬೇಡಿ. ಬೋಲ್ಟಿನ ತಲೆ ಪ್ಲೈವುಡ್ ಮೇಲೆ ವಾಷರ್ ಜೊತೆ ಕೂರಲಿ, ಕೆಳಗೆ ಬ್ರಾಕೆಟ್, ನೈಲಾಕ್ (ತಾನಾಗಿ ಸಡಿಲವಾಗದ) ನಟ್. ನಟ್ ಬಿಗಿದಾಗ ಫೋಮ್ ಅಪ್ಪಚ್ಚಿ ಆಗದಂತೆ ಬೋಲ್ಟ್ ಸುತ್ತ ರೆಕ್ಕೆ ದಪ್ಪಕ್ಕೆ ಕತ್ತರಿಸಿದ ಅಲ್ಯೂಮಿನಿಯಂ ಕೊಳವೆ ತುಂಡು ಹಾಕಿ. ಕೊಳವೆಯ ಕೆಳಗಿನ ಬಾಯಿಗೂ ಒಂದು ಚಿಕ್ಕ ಪ್ಲೈವುಡ್ ಬಿಲ್ಲೆ ಇರಲಿ. ಬ್ರಾಕೆಟ್ಟಿನ ಕಿವಿಯನ್ನು ಸ್ಟ್ರಟ್ ಬರುವ ಕೋನಕ್ಕೇ ಬಗ್ಗಿಸಿ. ಸ್ಟ್ರಟ್ ತುದಿ ಅಲ್ಲಿ ಸಲೀಸಾಗಿ ತಿರುಗಬೇಕು. ಅಲುಗಾಡದಂತೆ ಬಿಗಿದರೆ ಪ್ರತಿ ಲ್ಯಾಂಡಿಂಗ್‌ನಲ್ಲೂ ಕಿವಿ ಸ್ವಲ್ಪ ಸ್ವಲ್ಪ ಬಗ್ಗಿ, ಒಂದು ದಿನ ಬಿರುಕು ಬಿಡುತ್ತೆ. ನಿಜವಾದ ಪೈಪರ್ ಕಬ್ ವಿಮಾನಗಳಲ್ಲೂ ಸ್ಟ್ರಟ್ ತುದಿಯ ಫೋರ್ಕ್‌ನಲ್ಲಿ ಬಿರುಕು, ಕೊಳವೆಯೊಳಗೆ ತುಕ್ಕು ಕಾಣಿಸಿಕೊಂಡು, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1993ರಲ್ಲಿ ಅವುಗಳನ್ನು ಪದೇ ಪದೇ ತಪಾಸಣೆ ಮಾಡಬೇಕು ಅಂತ ಆದೇಶ ಹೊರಡಿಸಿತ್ತು.

ಬಾಡಿ ಕಡೆ ಕೆಲಸ ಕಡಿಮೆ. ಎಡಕ್ಕೊಂದು ಬಲಕ್ಕೊಂದು ಬ್ರಾಕೆಟ್ ಹಾಕಬೇಡಿ. ಬಾಡಿಯ ತಳದಲ್ಲಿ ಈ ಕಡೆಯಿಂದ ಆ ಕಡೆಗೆ ಒಂದೇ ಅಲ್ಯೂಮಿನಿಯಂ ಪಟ್ಟಿ ಹಾಯಿಸಿ, ಅದರ ಎರಡೂ ತುದಿಗೆ ಸ್ಟ್ರಟ್ ಸಿಕ್ಕಿಸಿ. ಆಗ ಎರಡು ಸ್ಟ್ರಟ್ಟುಗಳ ಅಡ್ಡ ಎಳೆತವನ್ನು ಪಟ್ಟಿಯೇ ತಡೆಯುತ್ತೆ, ಬಾಡಿಯ ಗೋಡೆ ಹರಿಯುವುದಿಲ್ಲ.

ಕೆಲವು ಕಿಟ್‌ಗಳಲ್ಲಿ ಸ್ಟ್ರಟ್ ಬರೀ ಅಂದಕ್ಕೆ ಇರುತ್ತೆ, ಸ್ಟ್ರಟ್ ಇಲ್ಲದೆಯೂ ಹಾರಿಸಬಹುದು ಅಂತ ಮ್ಯಾನುಯಲ್‌ನಲ್ಲೇ ಬರೆದಿರುತ್ತಾರೆ. ನಿಮ್ಮದು ಅಂಥದ್ದಾದರೆ ಇಷ್ಟೆಲ್ಲ ಬೇಡ, ಬ್ರಾಕೆಟ್ಟಿನ ತೂತನ್ನು ಉದ್ದಕ್ಕೆ ಅರದಿಂದ ಉಜ್ಜಿ ಸಡಿಲ ಬಿಡಿ, ಸಾಕು.

ಹಾರಿಸುವ ಮುಂಚೆ ನೆಲದಲ್ಲೇ ಪರೀಕ್ಷೆ ಮಾಡಿ. ವಿಮಾನವನ್ನು ಬೋರಲು ಹಾಕಿ, ಬಾಡಿಗೆ ಮಾತ್ರ ಆಸರೆ ಕೊಟ್ಟು, ಎರಡೂ ರೆಕ್ಕೆ ಮೇಲೆ ಬುಡದಿಂದ ತುದಿವರೆಗೆ ಅರ್ಧ ಕಿಲೋ ಅಕ್ಕಿ ಪಾಕೆಟ್ ಜೋಡಿಸುತ್ತಾ ಹೋಗಿ, ಬುಡದ ಕಡೆ ಸ್ವಲ್ಪ ಜಾಸ್ತಿ ಇರಲಿ. ಒಂದೊಂದು ರೆಕ್ಕೆಗೆ 3 ಕಿಲೋ ಆದ ಮೇಲೆ ಬೋಲ್ಟ್ ಸುತ್ತ ಬೆರಳಾಡಿಸಿ. ಫೋಮ್ ಉಬ್ಬಿದ್ದರೆ, ಬಿಳಿ ಗೆರೆ ಮೂಡಿದ್ದರೆ ಹಾರಿಸಬೇಡಿ, ಬಿಚ್ಚಿ ಮತ್ತೆ ಮಾಡಿ. ಚೆನ್ನಾಗಿದ್ದರೂ ಮೊದಲ ದಿನ ಎಲಿವೇಟರ್ ರೇಟ್ (ಅದು ಎಷ್ಟು ಆಡುತ್ತೆ ಅನ್ನುವ ಅಳತೆ) ಇಳಿಸಿಕೊಂಡೇ, ಗಾಳಿ ಏಳುವ ಮುಂಚೆ ಬೆಳಗ್ಗೆ ಹಾರಿಸಿ. ನಿಮ್ಮ ಕಡೆ ಡಿಆರ್‌ಡಿಓದ ಏರೋನಾಟಿಕಲ್ ಟೆಸ್ಟ್ ರೇಂಜ್ ಬೇರೆ ಇದೆ, ಬಯಲು ಹುಡುಕುವ ಮುಂಚೆ ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ಆ ಜಾಗ ಹಸಿರು (ಹಾರಿಸಲು ಅನುಮತಿ ಬೇಡದ) ವಲಯದಲ್ಲಿದೆಯಾ ನೋಡಿಕೊಳ್ಳಿ.