ಪಟ್ಟಿ ಮಡಚಿಡಿ, ನದಿಯ ಪಕ್ಕ ನಡೆಯಿರಿ

ಹಾವೇರಿಯ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಖುಷಿಯಾಯಿತು. ಯಜಮಾನರು ನಿವೃತ್ತರಾದ ಮೇಲೆ ನೀವಿಬ್ಬರೇ ಮೊದಲ ಸಲ ದೇಶ ಬಿಟ್ಟು ಹೊರಟಿದ್ದೀರಿ. ಜೂನ್‌ನಲ್ಲಿ ಲಂಡನ್, ನಾಲ್ಕು ದಿನ. ಅವರು ಎರಡು ಪುಟದ ಪಟ್ಟಿ ಮಾಡಿದ್ದಾರೆ, ನಿಮಗೆ ಮೊಣಕಾಲು ನೋವು. “ಏನು ಬಿಡಬೇಕು ಅಂತ ನೀವೇ ಹೇಳಿಬಿಡಿ, ನಾನು ಹೇಳಿದರೆ ಜಗಳವಾಗುತ್ತದೆ” ಎಂದು ಬರೆದಿದ್ದೀರಿ.

ನನ್ನ ಮಾತು ಇಷ್ಟೇ: ದಿನಕ್ಕೆ ಒಂದೇ ದೊಡ್ಡ ಜಾಗ. ಉಳಿದ ಹೊತ್ತೆಲ್ಲ ಥೇಮ್ಸ್ ನದಿಗೆ ಬಿಡಿ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಓಡಬೇಕಾಗಿಲ್ಲ.

ಮೊದಲ ದಿನ ಬಸವಣ್ಣನವರಿಂದ ಶುರು ಮಾಡಿ. ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಅವರ ಪ್ರತಿಮೆ ಇದೆ. ಅದನ್ನು ಅಲ್ಲಿಗೆ ತರಲು ದುಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲರು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಆಚೆ ದಡದಲ್ಲೇ ಬ್ರಿಟಿಷ್ ಪಾರ್ಲಿಮೆಂಟ್. ಗೊತ್ತಿಲ್ಲದ ಊರಿನಲ್ಲಿ ಮೊದಲು ನಮ್ಮವರೊಬ್ಬರನ್ನು ಕಂಡರೆ ಎಷ್ಟು ಧೈರ್ಯ ಬರುತ್ತದೆ, ಅಲ್ವಾ? ಅಲ್ಲಿಂದ ನದಿಯ ಪಕ್ಕದ ಸಮತಟ್ಟಾದ ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತನಕ ನಿಧಾನ ನಡೆಯಿರಿ. ದಾರಿಯಲ್ಲಿ ಒಂದು ಉದ್ದ ಗೋಡೆ ಸಿಗುತ್ತದೆ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಜನರೇ 2021ರಲ್ಲಿ ಅದರ ಮೇಲೆ ಕೆಂಪು ಹೃದಯಗಳನ್ನು ಬರೆಯಲು ಶುರು ಮಾಡಿದರು. ಈಗ ಎರಡು ಲಕ್ಷಕ್ಕೂ ಜಾಸ್ತಿ ಇವೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಯಾವ ಅರಮನೆಗಿಂತಲೂ ಹೆಚ್ಚಾಗಿ ಆ ಊರಿನ ಜನ ನಿಮಗೆ ಅರ್ಥವಾಗುತ್ತಾರೆ.

ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ದುಡ್ಡು ಕೊಟ್ಟ ಕಡೆ ಕಾಲು ನೋಯುತ್ತಿದ್ದರೂ ಎಲ್ಲ ನೋಡಿಯೇ ಬರಬೇಕೆಂದು ಹಟ ಹಿಡಿಯುತ್ತೇವೆ. ಇಲ್ಲಿ ಆ ಕಾಟವಿಲ್ಲ, ಒಂದೇ ಗಂಟೆ ನೋಡಿ ಹೊರಗೆ ಬನ್ನಿ. ಎರಡರಲ್ಲಿ ಒಂದೇ ಅಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಅಲ್ಲಿ ಟಿಪ್ಪುವಿನ ಹುಲಿ ಇದೆ. ಬಿಳಿ ಸಿಪಾಯಿಯ ಮೇಲೆರಗಿದ ಮರದ ಹುಲಿ. ಹೊಟ್ಟೆಯೊಳಗೆ ಆರ್ಗನ್ ಎಂಬ ಒಂದು ಗಾಳಿವಾದ್ಯ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟಬೇಕು, ಸಿಪಾಯಿ ನರಳಬೇಕು, ಹಾಗೆ ಮಾಡಿಸಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಾಗಿ ಹೋದದ್ದು ಇಂದಿಗೂ ಅಲ್ಲೇ ಇದೆ. ನಮ್ಮ ನೆಲದಲ್ಲಿ ಇರಬೇಕಾದದ್ದು ಗಾಜಿನ ಹಿಂದೆ ನಿಂತಿರುವುದನ್ನು ಕಂಡರೆ ಸಂಕಟವಾಗುತ್ತದೆ. ಆದರೂ ನೋಡಲೇಬೇಕು.

ಇನ್ನೊಂದು ದಿನ ವೆಸ್ಟ್‌ಮಿನ್‌ಸ್ಟರ್‌ನಿಂದ ಗ್ರೀನಿಚ್‌ಗೆ ಬೋಟ್ ಹಿಡಿಯಿರಿ. ಸೇಂಟ್ ಪಾಲ್ಸ್ ಗುಮ್ಮಟ, ಲಂಡನ್ ಟವರ್, ಟವರ್ ಬ್ರಿಡ್ಜ್ ಎಲ್ಲವೂ ಕೂತಲ್ಲೇ ಕಾಣುತ್ತವೆ. ಯಜಮಾನರ ಪಟ್ಟಿಯ ದೊಡ್ಡ ಭಾಗ ಅಲ್ಲೇ ಮುಗಿಯಿತು! ಗ್ರೀನಿಚ್‌ನಲ್ಲಿ ಶೂನ್ಯ ರೇಖಾಂಶದ ಗೆರೆ ಇರುವುದು ಗುಡ್ಡದ ಮೇಲೆ. ಅವರು ಹತ್ತಿ ಬರಲಿ, ನೀವು ಕೆಳಗೆ ಪಾರ್ಕಿನಲ್ಲಿ ಕೂತಿರಿ.

ಓಡಾಟಕ್ಕೆ ಬಸ್ಸೇ ನಿಮಗೆ ಒಳ್ಳೆಯದು. ಸುರಂಗದ ರೈಲು 1863ರಲ್ಲೇ ಶುರುವಾದದ್ದು, ಹಳೆಯ ಎಷ್ಟೋ ಸ್ಟೇಷನ್ನುಗಳಲ್ಲಿ ಇವತ್ತಿಗೂ ಮೆಟ್ಟಿಲೇ ಗತಿ. ಬಸ್ಸಿನ ನೆಲ ತಗ್ಗು, ಮುಂದಿನ ಸ್ಟಾಪಿನ ಹೆಸರನ್ನೂ ಕೂಗಿ ಹೇಳುತ್ತದೆ. ಆದರೆ ನಗದು ತಗೊಳ್ಳಲ್ಲ. ಇಬ್ಬರಿಗೂ ಮುಟ್ಟಿಸಿ ದುಡ್ಡು ಕೊಡುವ (ಕಾಂಟ್ಯಾಕ್ಟ್‌ಲೆಸ್) ಬೇರೆ ಬೇರೆ ಕಾರ್ಡ್ ಬೇಕು. ಹತ್ತುವಾಗ ಮುಟ್ಟಿಸಿದರೆ ಸಾಕು, ಒಂದು ಗಂಟೆಯೊಳಗೆ ಮತ್ತೊಂದು ಬಸ್ಸು ಹತ್ತಿದರೆ ಮತ್ತೆ ದುಡ್ಡಿಲ್ಲ.

ಕೋಹಿನೂರ್ ನೋಡಲೇಬೇಕು ಎಂದು ಯಜಮಾನರು ಪಟ್ಟು ಹಿಡಿದರೆ ಕೊನೆಯ ದಿನ ಅದನ್ನಿಟ್ಟಿರುವ ಲಂಡನ್ ಟವರ್‌ಗೆ ಹೋಗಲಿ. ಅದಕ್ಕೆ ಟಿಕೆಟ್ ಇದೆ, ಕಡಿಮೆಯೇನಲ್ಲ. ನಿಮಗೆ ಮನಸ್ಸಿಲ್ಲದಿದ್ದರೆ ಒಂದೇ ಟಿಕೆಟ್ ಸಾಕು. ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕೆಂದು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

— ಸಂಪಾದಕ