ಡಿಸೈನು ಹುಡುಕಲು ಜೈಪುರಕ್ಕೇ ಹೋಗಬೇಕೆ?

ಪ್ರಶ್ನೆ: ಮೇಷ್ಟ್ರೇ, ನಾನು ಬ್ಲೌಸ್‌ಗೆ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ, ಮಾಡುತ್ತೇನೆ. ಬರುವವರೆಲ್ಲ ಮೊಬೈಲ್ ತೋರಿಸಿ ‘ಇದೇ ಥರ ಹಾಕಿ’ ಅಂತಾರೆ. ಸ್ವಂತದ್ದು ಮಾಡೋಣವೆಂದು ಕೂತರೆ ಮಾವಿನಕಾಯಿ, ನವಿಲು ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಊರೂರು ಸುತ್ತಿ ಚಿತ್ರದ ಡೈರಿ ಬರೆಯುವವರನ್ನು ನೋಡಿ ನೋಟ್‌ಬುಕ್ ತಂದೆ. ಮೊದಲ ಪುಟ ಹಾಳಾದೀತೆಂದು ಮುಟ್ಟಿಲ್ಲ. ಜೈಪುರ, ಕಛ್ ನೋಡಲು ದುಡ್ಡಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮಧುಗಿರಿ

ಉತ್ತರ: ಮೂರನೆಯ ಪುಟದಿಂದ ಶುರು ಮಾಡಿ ತಾಯಿ.

ನಿಮ್ಮೂರಿನ ಏಕಶಿಲಾ ಬೆಟ್ಟವನ್ನೇ ಮೊದಲು ಹಿಡಿಯಿರಿ. ಇಡೀ ಬೆಟ್ಟ, ಕೋಟೆ ಎಲ್ಲ ಬರೆಯಲು ಹೋಗಬೇಡಿ. ಮಳೆನೀರು ಇಳಿಯುವ ಜಾಡಿನಲ್ಲಿ ಪಾಚಿ ಕಟ್ಟಿ ಕಪ್ಪು ಪಟ್ಟಿಗಳಾಗಿವೆಯಲ್ಲ, ಅವನ್ನಷ್ಟೇ ನೋಡಿ. ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಕೂಡುತ್ತವೆ? ಕಣ್ಣು ಬಂಡೆಯ ಮೇಲೇ ಇರಲಿ, ಹಾಳೆ ನೋಡದೆ ಪೆನ್ಸಿಲ್ ಓಡಿಸಿ. ಗೆರೆ ಸೊಟ್ಟಗಾಗುತ್ತದೆ, ಆಗಲಿ. ಅಂಥ ಗೆರೆ ಯಾರ ಮೊಬೈಲಿನಲ್ಲೂ ಸಿಗುವುದಿಲ್ಲ. ಅದನ್ನೇ ತೋಳಿನ ಉದ್ದಕ್ಕೆ ಚೈನ್ ಸ್ಟಿಚ್‌ನಲ್ಲಿ ಇಳಿಬಿಟ್ಟು ನೋಡಿ.

ಬಣ್ಣದ ಡಬ್ಬಿ ಕೊಳ್ಳಬೇಡಿ. ಬೆಳಿಗ್ಗೆ ಬಂಡೆ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದರೆ ಆ ಬಣ್ಣದ ರೇಷ್ಮೆ ದಾರದ ತುಂಡನ್ನು ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ದಿನ, ಹೊತ್ತು ಬರೆಯಿರಿ. ಮಳೆ ನಿಂತ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೊಮ್ಮೆ ನೋಡಿ. ನಮ್ಮ ಕೆ. ವೆಂಕಟಪ್ಪನವರು (1886–1965) ಊಟಿಯನ್ನು ಜಲವರ್ಣದಲ್ಲಿ ಬರೆದಾಗ ಮಳೆಮೋಡದಲ್ಲೂ ನೋಡಿದರು, ಬೆಳದಿಂಗಳಲ್ಲೂ ನೋಡಿದರು. ಹಾಗೆ ನೋಡುವುದನ್ನು ನಾನು ಪ್ರಯಾಣ ಎಂದೇ ಕರೆಯುತ್ತೇನೆ.

ಬಸ್ಸು ಹತ್ತಲೇಬೇಕು ಎನಿಸಿದರೆ ಬೇಸಿಗೆಯಲ್ಲಿ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ಬನ್ನಿ. ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ನನಗೆ ತುಂಬ ಪ್ರೀತಿಯ ಜಾಗ ಅದು. ಬಿಳಿ ಮೈ, ಎದೆಗೆ ಅಡ್ಡಲಾಗಿ ಕಪ್ಪು ಬಿಳುಪಿನ ಪಟ್ಟೆ, ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ. ಆ ಗುಲಾಬಿ ಎಷ್ಟು ಕಡಿಮೆ ಇದೆ ಗಮನಿಸಿ, ಕಡಿಮೆ ಇರುವುದರಿಂದಲೇ ಎದ್ದು ಕಾಣುತ್ತದೆ. ಯಾವ ಬಣ್ಣ ಎಷ್ಟು ಪಾಲು ಎಂದು ಬರೆದುಕೊಳ್ಳಿ. ಮಣಿ, ಚಮ್ಕಿ ತುಂಬಿಸುವ ಮುಂಚೆ ಆ ಪುಟ ತೆಗೆದು ನೋಡಿದರೆ ಎಲ್ಲಿ ಕೈ ತಡೆಯಬೇಕೆಂದು ತಿಳಿಯುತ್ತದೆ. ಅಲ್ಲಿ ಮೊಬೈಲ್ ಚೀಲದಲ್ಲೇ ಇರಲಿ. ಫೋಟೊ ತೆಗೆದ ಕೂಡಲೇ ನೋಡಿ ಆಯಿತು ಎಂದು ಮನಸ್ಸು ಎದ್ದುಬಿಡುತ್ತದೆ.

ದುಡ್ಡು ಕೂಡಿದಾಗ ಕಛ್‌ಗೂ ಹೋಗಿ. ನಿಮ್ಮ ಕೈಯಲ್ಲಿರುವ ಆರಿ ಸೂಜಿ ಅಲ್ಲಿ ಚರ್ಮದ ಕೆಲಸದ ಮೋಚಿಗಳ ಕೈಯಲ್ಲಿ ಪಳಗಿದ್ದು. ಅವರ ಕಸೂತಿಯನ್ನು ಹತ್ತಿರದಿಂದ ನೋಡುವುದು ನಿಮಗೆ ಸಲ್ಲಬೇಕಾದ ಭಾಗ್ಯ.

ಅಷ್ಟರವರೆಗೆ, ಗಿರಾಕಿಯ ಬ್ಲೌಸಿನ ಮೇಲೆ ಪ್ರಯೋಗ ಬೇಡ. ಉಳಿದ ಬಟ್ಟೆಯ ತುಂಡಿನಲ್ಲಿ ನಿಮ್ಮ ಗೆರೆ ಹಾಕಿಡಿ. ಅವರು ಮೊಬೈಲ್ ತೋರಿಸಿದಾಗ ಅದನ್ನೂ ಪಕ್ಕದಲ್ಲಿಟ್ಟು ‘ಇದು ನಾನೇ ಬರೆದದ್ದು, ನೋಡಿ’ ಎನ್ನಿ.