ಇನ್ನೂ ಇಳಿಸಿಲ್ಲ

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆ. ಅಪ್ಪ, ಅಮ್ಮ, ಅಜ್ಜಿ, 11 ವರ್ಷದ ಮಗಳು, 7 ವರ್ಷದ ಮಗ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಆಗಸ್ಟಿನ ಒಂದು ಮಧ್ಯಾಹ್ನ, ಜಡಿಮಳೆಯಲ್ಲಿ, ಅಮ್ಮ ಮಗನನ್ನು ಕರೆದುಕೊಂಡು ಸಲಹೆ ಕೇಳಲು ಚಿಕ್ಕಮಗಳೂರಿಗೆ ನನ್ನ ಬಳಿ ಬಂದರು. ಹತ್ತು ಹನ್ನೆರಡು ದಿನದಿಂದ ಹುಡುಗ ಕತ್ತಲಾದ ಮೇಲೆ ಬಚ್ಚಲುಮನೆ ಕಡೆ ಸುಳಿಯುವುದಿಲ್ಲ. ಮಲಗಿದರೆ ಮಾಡಿನ ಮರದ ತೊಲೆಗಳನ್ನೇ ನೋಡುತ್ತಿರುತ್ತಾನೆ. ಅಜ್ಜಿ ದೃಷ್ಟಿ ತೆಗೆದು, ಕೈಗೆ ದಾರ ಕಟ್ಟಿಸಿ ಆಗಿತ್ತು. ಅಮ್ಮನ ಪ್ರಕಾರ ತಪ್ಪೆಲ್ಲ ಗಂಡ ರಾತ್ರಿ ಓದಿ ಹೇಳುತ್ತಿದ್ದ ಆ ದಪ್ಪ ಪುಸ್ತಕದ್ದು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಪುಸ್ತಕದ ಮೇಲೆ ತಪ್ಪು ಹೊರಿಸುವುದು ಸುಲಭ, ಹಾಗಾಗಿ ಮೊದಲು ಬೇರೆಯದನ್ನೆಲ್ಲ ಕೇಳಿದೆ. ಶಾಲೆಗೆ ಹೋಗುತ್ತಾನಾ, ಊಟ ಹೇಗೆ, ಹಾಸಿಗೆ ಒದ್ದೆಯಾಗುತ್ತದಾ, ಯಾರಾದರೂ ಹೆದರಿಸಿದರಾ, ಮುಟ್ಟಬಾರದ ಕಡೆ ಮುಟ್ಟಿದರಾ. ಯಾವುದೂ ಇರಲಿಲ್ಲ. ಹಗಲು ಹುಡುಗ ಆರಾಮಾಗಿದ್ದ. ಅಜ್ಜ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ ಎಂಬುದನ್ನು ಮಾತ್ರ ಬರೆದಿಟ್ಟುಕೊಂಡೆ.

ಅಮ್ಮನನ್ನು ಹೊರಗೆ ಕೂರಿಸಿ, "ಮಾಡಿನಲ್ಲಿ ಏನು ಕಾಣುತ್ತೆ?" ಅಂದೆ.

"ಏನೂ ಇಲ್ಲ. ಅವರನ್ನೆಲ್ಲ ಕಟ್ಟಿ ನೇತುಹಾಕಿದ್ದಾವೆ. ಇನ್ನೂ ಇಳಿಸಿಲ್ಲ."

ಅಪ್ಪ ಓದುತ್ತಿದ್ದದ್ದು ಟೋಲ್ಕಿನ್‌ನ 'ದಿ ಹಾಬಿಟ್'. 1937ರಲ್ಲಿ ಬಂದದ್ದು, 19 ಅಧ್ಯಾಯ. ಎಂಟನೆಯದರಲ್ಲಿ ದೈತ್ಯ ಜೇಡಗಳು 13 ಕುಬ್ಜರಲ್ಲಿ 12 ಮಂದಿಯನ್ನು ಬಲೆಯಲ್ಲಿ ಸುತ್ತಿ ಕೊಂಬೆಗೆ ತೂಗುಹಾಕಿ, ಯಾರನ್ನು ಮೊದಲು ತಿನ್ನೋಣ ಎಂದು ಮಾತಾಡುತ್ತಿರುತ್ತವೆ. ಸರಿಯಾಗಿ ಅಲ್ಲಿಗೆ ಬಂದಾಗ ಮನೆಯಲ್ಲಿ ಕರೆಂಟು ಹೋಯಿತು. ಮರುದಿನ ಮಳೆ ಸ್ವಲ್ಪ ಹೊಳವಾದ್ದರಿಂದ ಅಪ್ಪ ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಸಲು ನಿಂತರು. ನಾಲ್ಕು ರಾತ್ರಿ ಓದಲಿಲ್ಲ. ಅಷ್ಟರಲ್ಲಿ ಹುಡುಗ ಹೆದರಿದ್ದು ಗೊತ್ತಾಗಿ ಪುಸ್ತಕ ಬೀರು ಸೇರಿತು. ಎರಡೇ ಪುಟ ಮುಂದೆ ಹೋಗಿದ್ದರೆ ಕಥಾನಾಯಕ, ಹಾಬಿಟ್ ಎಂಬ ಗಿಡ್ಡ ಜನಾಂಗದ ಬಿಲ್ಬೋ, ಅದೃಶ್ಯನಾಗಿ ಬಂದು ಅವರನ್ನು ಬಿಡಿಸುತ್ತಿದ್ದ. ಹುಡುಗನ ಪಾಲಿಗೆ ಆ 12 ಮಂದಿ ಅಷ್ಟೂ ದಿನ ಅವನ ಮನೆಯ ತೊಲೆಗೇ ನೇತಾಡುತ್ತಿದ್ದರು.

ಅಮ್ಮನಿಗೆ ಹೇಳಿದ್ದು ಒಂದೇ: ಬೀಗ ತೆಗೆಯಿರಿ. ಇವತ್ತು ಸಂಜೆ, ಬೆಳಕಿರುವಾಗಲೇ, ಜಗಲಿಯಲ್ಲಿ, ಅಜ್ಜಿಯನ್ನೂ ಕೂರಿಸಿಕೊಂಡು ಕೊನೆಯ ಕುಬ್ಜ ನೆಲಕ್ಕಿಳಿಯುವವರೆಗೆ ಓದಿಸಿ. ಆ ಭಾಗದಲ್ಲಿ ಬಿಲ್ಬೋ ಜೇಡಗಳನ್ನು ಅಣಕಿಸುವ ಹಾಡು ಕಟ್ಟುತ್ತಾನೆ. ಇಂಗ್ಲಿಷಿನದು ಬೇಡ, ನೀನೇ ಒಂದು ಕಟ್ಟು ಅಂದೆ ಹುಡುಗನಿಗೆ. ಅಲ್ಲೇ ಕಟ್ಟಿದ: "ಎಂಟು ಕಾಲು, ಡೊಳ್ಳು ಹೊಟ್ಟೆ, ಹಿಡಿ ನೋಡೋಣ ಮೊಂಡು ಮೊಟ್ಟೆ." ಅರ್ಥ ಕೇಳಬೇಡಿ. ಬಚ್ಚಲಿನ ಬಾಗಿಲಲ್ಲಿ ನಿಂತು ಕೂಗಲು ಅಷ್ಟು ಸಾಕು.

ಮುಂದಿನ ವಾರ ಅಪ್ಪ ಮಗಳ ಜೊತೆ ಬಂದರು, ಮುಖ ಬಿಗಿದುಕೊಂಡು. "ನನಗೆ ಯಾರೂ ಓದಿ ಹೇಳಿಲ್ಲ ಮೇಡಂ. ಒಳ್ಳೇದು ಮಾಡೋಕೆ ಹೋದ್ರೆ ಮನೇಲಿ ನಾನೇ ಕಳ್ಳ." ಒಳ್ಳೆಯದನ್ನೇ ಮಾಡುತ್ತಿದ್ದರು, ಅದನ್ನು ಮೊದಲು ಹೇಳಿದೆ. ಆಮೇಲೆ ಮಗಳನ್ನು ಕೇಳಿದೆ. ಅವಳ ಬಳಿ ಎರಡು ದೂರು ಸಿದ್ಧವಿದ್ದವು. ಒಂದು, ಅಪ್ಪ ನಡುನಡುವೆ ನಿಲ್ಲಿಸಿ ಇಂಗ್ಲಿಷ್ ಪದದ ಅರ್ಥ ಕೇಳುತ್ತಾರೆ: "ಟಿಕೆಟ್ ಚೆಕಿಂಗಿಗೆ ಬಸ್ ನಿಲ್ಲಿಸಿದ ಹಾಗೆ." ಇನ್ನೊಂದು, "13 ಕುಬ್ಜರು, ಒಬ್ಬ ಮಾಂತ್ರಿಕ, ಒಬ್ಬ ಹಾಬಿಟ್. ಒಬ್ಬಳಾದ್ರೂ ಹುಡುಗಿ ಬೇಡ್ವಾ?"

ಅಪ್ಪ ನಕ್ಕುಬಿಟ್ಟರು. ಅಲ್ಲಿಂದ ಮಾತು ಸಲೀಸಾಯಿತು.

ಅವರು ಪುಸ್ತಕ ಆರಿಸಿದ್ದು ವಯಸ್ಸು ನೋಡಿ. ಈ ಪುಸ್ತಕದ ಹಸ್ತಪ್ರತಿಯನ್ನು ಪ್ರಕಾಶಕರು ತಮ್ಮ 10 ವರ್ಷದ ಮಗನಿಗೆ ಕೊಟ್ಟು ಓದಿಸಿದ್ದರು. ಅವನು ಒಂದು ಶಿಲ್ಲಿಂಗ್ ಪಡೆದು, 5ರಿಂದ 9 ವರ್ಷದವರಿಗೆಲ್ಲ ಇಷ್ಟವಾಗುತ್ತದೆ ಎಂದು ಬರೆದುಕೊಟ್ಟಿದ್ದ. ಆ ಹುಡುಗನ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಅವನಿಗೆ ಮಾತ್ರ ಬೇಕಾದಾಗ ಪುಟ ತಿರುಗಿಸುವ ಅನುಕೂಲವಿತ್ತು. ಕೇಳುವ ಮಗುವಿಗೆ ಅದಿಲ್ಲ. ಓದುವವನು ಎಲ್ಲಿ ಬಿಟ್ಟನೋ ಅದು ರಾತ್ರಿಯಿಡೀ ಅಲ್ಲೇ ಇರಬೇಕು. ಹಾಗಾಗಿ ಹೆದರಿಕೆ ಎಷ್ಟಿದೆ ಎಂದು ನಾನು ಅಷ್ಟಾಗಿ ನೋಡುವುದಿಲ್ಲ. ಎಲ್ಲಿ ನಿಲ್ಲಿಸಬಹುದು ಎಂದು ನೋಡುತ್ತೇನೆ. ಮುಂದಿನ ರಾತ್ರಿಯ ಪುಟಗಳನ್ನು ಅಪ್ಪ ಒಮ್ಮೆ ತಾವೇ ಓದಿಕೊಂಡು, ಯಾರಾದರೂ ಉಂಡು ಮಲಗುವ ಜಾಗದಲ್ಲೋ ದಾರಿ ಸಿಕ್ಕಿದ ಜಾಗದಲ್ಲೋ ಪೆನ್ಸಿಲ್ ಗೆರೆ ಹಾಕಬೇಕು. ಕಥೆ ನಡೆಯುವಾಗ ಅರ್ಥ ಕೇಳುವಂತಿಲ್ಲ. ಒಗಟಿನ ಅಧ್ಯಾಯ ಬಂದಾಗ ಅಜ್ಜಿಯ ಒಗಟುಗಳನ್ನೂ ಸೇರಿಸಿದ್ದರಂತೆ. ಅದು ಅವರಿಗೆ ತಾನಾಗಿ ಹೊಳೆದದ್ದು, ನನ್ನ ಸಲಹೆಗಿಂತ ಚೆನ್ನಾಗಿತ್ತು.

ಕುಬ್ಜರ ನಾಯಕ ಥೋರಿನ್ ಕೊನೆಗೆ ಸಾಯುತ್ತಾನೆ, ಅದನ್ನು ಹಾರಿಸಲಾ ಎಂದು ಕೇಳಿದರು. ಅಜ್ಜನ ನೆನಪು ಅವರಿಗೂ ಬಂದಿತ್ತು. ಹಾರಿಸಬೇಡಿ, ಆದರೆ ಮರುದಿನವೂ ನೀವು ಮನೆಯಲ್ಲಿರುವಾಗ ಓದಿ, ಹುಡುಗ ಅಜ್ಜನ ಮಾತೆತ್ತಿದರೆ ಪುಸ್ತಕ ಮುಚ್ಚಿಡಿ ಅಂದೆ.

ಮುಂದಿನದಕ್ಕೆ ಮಗಳ ದೂರಿಗೆ ಉತ್ತರವಾಗಿ ಸಿ. ಎಸ್. ಲೂಯಿಸ್‌ನ ನಾರ್ನಿಯಾ ಮಾಲೆಯ 1950ರ ಮೊದಲ ಪುಸ್ತಕ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಸೂಚಿಸಿದೆ. ಕಪಾಟಿನೊಳಗಿನ ಲೋಕಕ್ಕೆ ಮೊದಲು ಹೊಕ್ಕವಳೇ ಲೂಸಿ ಎಂಬ ಹುಡುಗಿ, ಅಧ್ಯಾಯಗಳೂ ಚಿಕ್ಕವು. ಒಂದು ಎಚ್ಚರಿಕೆ: ಆ ಲೋಕದ ಸಿಂಹವನ್ನು ಕೊಲ್ಲುವುದು 14ನೇ ಅಧ್ಯಾಯ, ಅದು ಎದ್ದು ಬರುವುದು 15ನೆಯದು. ಎರಡನ್ನೂ ಒಂದೇ ಕೂರಿಕೆಯಲ್ಲಿ ಓದಬೇಕು.

ಏಳುವ ಮೊದಲು, ಮನೆಯಲ್ಲಿ ತೇಜಸ್ವಿಯವರ 'ಕರ್ವಾಲೊ' ಇದೆಯಾ ಎಂದು ಕೇಳಿದೆ. ಇತ್ತು. ಅದು ಮಾಯಾಲೋಕದ ಕಥೆಯಲ್ಲ. ಆದರೆ ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ಮಂದಣ್ಣ, 'ಕಿವಿ' ಎಂಬ ನಾಯಿ ಮಕ್ಕಳಿಗೆ ಹಿಡಿಸದೆ ಇರುವುದಿಲ್ಲ. ಅದಕ್ಕಿಂತ ಮುಖ್ಯ, ಅಪ್ಪ ಅನುವಾದ ಮಾಡುತ್ತಾ ತಡವರಿಸದೆ ತಮ್ಮ ಸ್ವಂತ ನಾಲಿಗೆಯಲ್ಲಿ ಓದಬಹುದು. ಚಿಕ್ಕವನಿಗೆ ಬೇಸರವಾಗುವ ಚರ್ಚೆಯ ಪುಟಗಳನ್ನು ಧಾರಾಳವಾಗಿ ಬಿಡಬಹುದು.

ಎರಡು ವಾರದ ಮೇಲೂ ನಿದ್ದೆ ಸರಿಹೋಗದಿದ್ದರೆ, ಹಗಲೂ ಹೆದರಿದರೆ ಮಕ್ಕಳ ವೈದ್ಯರನ್ನು ಕಾಣಬೇಕೆಂದು ಬರೆದುಕೊಟ್ಟಿದ್ದೆ. ಬೇಕಾಗಲಿಲ್ಲ.

ದಸರಾ ಹೊತ್ತಿಗೆ ಅಮ್ಮ ಫೋನ್ ಮಾಡಿದರು. ಹುಡುಗ ಬಚ್ಚಲಿಗೆ ಹೋಗುತ್ತಾನೆ, ಹಾಡಿಕೊಂಡು. ಈಗ ತಕರಾರು ಅಜ್ಜಿಯದು. ಡ್ರ್ಯಾಗನ್ನನ್ನು ಕೊಂದದ್ದು ಬಿಲ್ಬೋ ಅಲ್ಲ, ಯಾವನೋ ಬಾರ್ಡ್ ಎಂಬ ಬಿಲ್ಲುಗಾರ. "ಅಷ್ಟು ದೂರ ನಡೆದು ಹೋದವನು ಇವನು, ಕೊಂದವನು ಇನ್ಯಾರೋ. ಇದೆಂಥಾ ಕಥೆ?" ಎಂದು ಎರಡು ದಿನದಿಂದ ಮಗನ ಜೊತೆ ಜಗಳ ತೆಗೆದಿದ್ದಾರಂತೆ.